ಬಾನೆಟ್ ಎತ್ತಿ ನಿಂತ ಹಳೆಯ ರೋಡ್‌ಸ್ಟರ್‌ಗಳ ನಡುವೆ

ನನ್ನ ಹತ್ತಿರ ಇರುವುದು 1966ರ ಎಂಜಿಬಿ, ಬ್ರಿಟನ್ನಿನ ರೋಡ್‌ಸ್ಟರ್, ಅಂದರೆ ಟಾಪ್ ತೆಗೆದು ಓಡಿಸುವ ಸಣ್ಣ ಓಪನ್ ಕಾರು. ಎರಡೇ ಸೀಟು, ಬಟ್ಟೆ ಟಾಪ್, 1798 ಸಿಸಿ ಇಂಜಿನ್, ಅದರ ಪಕ್ಕಕ್ಕೆ ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್. ಈ ಕಾರನ್ನು ಮೊದಲ ಸಲ ರೋಡ್‌ಸ್ಟರ್ ಕೂಟವೊಂದಕ್ಕೆ ಓಡಿಸಿಕೊಂಡು ಹೋಗಿ ಬಂದೆ. ಹೋಗುವ ಮುಂಚೆ ಏನೇನು ನೋಡಿಕೊಂಡೆ, ಅಲ್ಲಿ ಏನಾಯಿತು, ಬಂದ ಮೇಲೆ ಏನು ಮಾಡಿಸಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಓಪನ್ ಕಾರನ್ನು ಶೆಡ್‌ನಲ್ಲಿಟ್ಟುಕೊಂಡು ಹೋಗಲೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ನನ್ನ ಮಾತು ಇಷ್ಟೇ. ಹೋಗಿ. ಲಾರಿ ಮೇಲೆ ಏರಿಸಿಕೊಂಡಲ್ಲ, ಓಡಿಸಿಕೊಂಡೇ ಹೋಗಿ. ಹೋದ ಮೇಲೆ ಬಾನೆಟ್ ಎತ್ತಿ ಇಡಿ.

ತಯಾರಿ ಅಂದರೆ ಪಾಲಿಶ್ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಕೊನೆಗೆ. ಮೊದಲು ಟೈರ್. ಇಂಥ ಕಾರುಗಳು ವರ್ಷಕ್ಕೆ ಓಡುವುದೇ ಕಡಿಮೆ, ಹಾಗಾಗಿ ಟೈರ್ ಸವೆಯುವುದಿಲ್ಲ, ಸುಮ್ನೆ ವಯಸ್ಸಾಗುತ್ತದೆ. ಮೇಲಿನಿಂದ ನೋಡಿದರೆ ಹೊಸದೇ ಅನಿಸುತ್ತದೆ, ಪಕ್ಕದಲ್ಲಿ ಬೆರಳಿಂದ ಒತ್ತಿ ನೋಡಿದರೆ ಕೂದಲಿನಷ್ಟು ಸಣ್ಣ ಬಿರುಕುಗಳು ಬಾಯಿ ಬಿಡುತ್ತವೆ. ಟೈರ್ ಪಕ್ಕದಲ್ಲಿ ಅಚ್ಚಾಗಿರುವ ಕೋಡ್‌ನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ನಾನು ಸ್ಪೇರ್ ಟೈರನ್ನೂ ಡಿಕ್ಕಿಯಿಂದ ಹೊರಗೆ ತೆಗೆದು ನೋಡಿದೆ, ಯಾಕೆಂದರೆ ಬಿಸಿಲೇ ಕಾಣದ ಸ್ಪೇರ್ ಸಾಮಾನ್ಯವಾಗಿ ಎಲ್ಲಕ್ಕಿಂತ ಹಳೆಯದಾಗಿರುತ್ತದೆ.

ಚಕ್ರಗಳು ಕಡ್ಡಿಯವು, ಒಂದೊಂದಕ್ಕೆ 60 ಕಡ್ಡಿ. ಸಣ್ಣ ಸ್ಪ್ಯಾನರ್ ಹಿಡಿದು ಒಂದೊಂದನ್ನೇ ತಟ್ಟುತ್ತಾ ಹೋದೆ. ಬಿಗಿಯಾಗಿರುವುದು ಟಿಂಗ್ ಅನ್ನುತ್ತದೆ, ಸಡಿಲವಾದದ್ದು ಟಪ್ ಅಂದು ಸುಮ್ಮನಾಗುತ್ತದೆ. ಕೇಳುತ್ತಾ ಕೇಳುತ್ತಾ ಕಿವಿಗೆ ವ್ಯತ್ಯಾಸ ಎಷ್ಟು ಚೆನ್ನಾಗಿ ಸಿಗುತ್ತದೆ ಅಂದರೆ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಆಮೇಲೆ ಚಕ್ರ ಬಿಚ್ಚಿ, ಅದು ಕೂರುವ ಹಬ್‌ನ ಹಲ್ಲುಗಳನ್ನು ಒರೆಸಿ ಹೊಸ ಗ್ರೀಸ್ ಹಚ್ಚಿದೆ. ಈ ಹಲ್ಲು ಒಣಗಿದರೆ ಸವೆಯುತ್ತದೆ, ಸವೆದರೆ ಬ್ರೇಕ್ ಒತ್ತಿದಾಗಲೂ ಗಾಡಿ ಎಳೆದಾಗಲೂ ಟಕ್ ಅನ್ನುತ್ತದೆ, ಹಾಗೇ ಬಿಟ್ಟರೆ ಒಂದು ದಿನ ಹಬ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ನಡುವೆ ಇರುವ ಎರಡು ಕಿವಿಯ ದೊಡ್ಡ ನಟ್ ಮೇಲೆ ಬಿಚ್ಚಲು ಯಾವ ಕಡೆ ಹೊಡೆಯಬೇಕು ಅಂತ ಬಾಣದ ಗುರುತಿರುತ್ತದೆ, ಎಡದ ಚಕ್ರಕ್ಕೂ ಬಲದ ಚಕ್ರಕ್ಕೂ ಥ್ರೆಡ್ ಉಲ್ಟಾ. ಹೊಡೆಯುವುದು ತಾಮ್ರದ ಸುತ್ತಿಗೆಯಲ್ಲಿ. ಅದು ಕಾರಿನ ಜೊತೆಗೇ ಇರಬೇಕು, ಇಲ್ಲದಿದ್ದರೆ ದಾರಿಯಲ್ಲಿ ಪಂಕ್ಚರ್ ಆದರೆ ಸ್ಪೇರ್ ಇದ್ದೂ ಇಲ್ಲದ ಹಾಗೆ.

ಬ್ರೇಕ್ ಆಯಿಲ್ ಪೂರ್ತಿ ಬದಲಿಸಿದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಹೀರಿದ ಆಯಿಲ್ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದಾಗ ಬೇಗ ಕುದಿಯುತ್ತದೆ, ಆಗ ಪೆಡಲ್ ನೆಲಕ್ಕೆ ಹೋಗುತ್ತದೆ. ಪೆಟ್ರೋಲ್ ಪೈಪ್‌ಗಳನ್ನೂ ಬದಲಿಸಿದೆ. ಹಳೆಯ ಕಾಲದ ರಬ್ಬರ್‌ಗೆ ಎಥನಾಲ್ ಬೆರೆತ ಪೆಟ್ರೋಲ್ ಆಗಿಬರುವುದಿಲ್ಲ, ಒಳಗಿನಿಂದ ಮೆತ್ತಗಾಗಿ ಚೂರು ಚೂರಾಗಿ ಕಾರ್ಬ್ಯುರೇಟರ್‌ಗೆ ಬಂದು ಕೂರುತ್ತದೆ. ಎಥನಾಲ್ ತಡೆಯುವ ಪೈಪ್ ಸಿಗುತ್ತದೆ, ಅದನ್ನೇ ಕೇಳಿ ತೆಗೆದುಕೊಳ್ಳಿ. ಕಾರ್ಬ್ಯುರೇಟರ್ ಕೆಳಗೇ ಬಿಸಿ ಎಕ್ಸಾಸ್ಟ್ ಇರುವ ಕಾರಿನಲ್ಲಿ ಈ ಪೈಪ್ ವಿಷಯದಲ್ಲಿ ಕಂಜೂಸುತನ ಬೇಡ.

ಪೆಟ್ರೋಲ್ ಪಂಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ಎಂಜಿಬಿಯದು ಎಸ್‌ಯು ಎಲೆಕ್ಟ್ರಿಕ್ ಪಂಪ್. ಕೀ ತಿರುಗಿಸಿದ ಕೂಡಲೇ ಹಿಂದಿನಿಂದ ಟಿಕ್ ಟಿಕ್ ಟಿಕ್ ಅಂತ ಶುರುವಾಗುತ್ತದೆ, ಕಾರ್ಬ್ಯುರೇಟರ್‌ನ ಎರಡೂ ಬಟ್ಟಲು ತುಂಬಿದ ಮೇಲೆ ನಿಧಾನವಾಗಿ ನಿಲ್ಲುತ್ತದೆ. ನಿಲ್ಲದೆ ಬಡಿಯುತ್ತಲೇ ಇದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಎಲ್ಲೋ ಸೋರುತ್ತಿದೆ. ಸದ್ದೇ ಇಲ್ಲದಿದ್ದರೆ ಒಳಗಿನ ಪಾಯಿಂಟ್ (ಕರೆಂಟ್ ಹಾಯಿಸಿ ಕಡಿಯುವ ಸಣ್ಣ ಸ್ವಿಚ್) ಅಂಟಿಕೊಂಡಿರಬಹುದು, ಮೇಲೆ ಒಂದು ಸಲ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಎದ್ದುಬಿಡುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಆ ಟಿಕ್ ಟಿಕ್ ನಿಲ್ಲುವವರೆಗೆ ಕಾಯುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಕಾರು ಮಾತಾಡಿಸಿದ ಹಾಗೆ ಅನಿಸುತ್ತದೆ.

ಇನ್ನೊಂದು, ಬ್ಯಾಟರಿ. 1967ಕ್ಕಿಂತ ಮುಂಚಿನ ಎಂಜಿಬಿಗಳಲ್ಲಿ ಕಾರಿನ ಲೋಹದ ಮೈಗೆ ಸೇರುವುದು ಬ್ಯಾಟರಿಯ ಪ್ಲಸ್ ಕಡೆ. ಇವತ್ತಿನ ಕಾರುಗಳಿಗೆ ಪೂರ್ತಿ ಉಲ್ಟಾ. ಮೇಲಾಗಿ 12 ವೋಲ್ಟ್‌ನ ಒಂದು ಬ್ಯಾಟರಿ ಅಲ್ಲ, ಸೀಟಿನ ಹಿಂದೆ 6 ವೋಲ್ಟ್‌ನ ಎರಡು. ಕೂಟದಲ್ಲಿ ಯಾರಾದರೂ ಸಹಾಯ ಮಾಡೋಣ ಅಂತ ಕೇಬಲ್ ಹಿಡಿದು ಓಡಿ ಬಂದರೆ ಅನಾಹುತ. ಹಾಗಾಗಿ ಬಾನೆಟ್ ಒಳಗೂ ಬ್ಯಾಟರಿ ಮುಚ್ಚಳದ ಮೇಲೂ ‘ಪಾಸಿಟಿವ್ ಅರ್ತ್’ ಅಂತ ದಪ್ಪ ಅಕ್ಷರದ ಸ್ಟಿಕ್ಕರ್ ಅಂಟಿಸಿದೆ.

ಹೊರಟದ್ದು ಬೆಳಗಿನ ಜಾವ, ಟಾಪ್ ತೆಗೆದು. ಟೊನೋ ಕವರ್ ಅಂತ ಒಂದಿರುತ್ತದೆ, ಸೀಟುಗಳನ್ನು ಪೂರ್ತಿ ಮುಚ್ಚುವ ಹೊದಿಕೆ, ನಡುವೆ ಜಿಪ್. ಡ್ರೈವರ್ ಕಡೆಯ ಅರ್ಧ ಮಾತ್ರ ತೆರೆದು, ಪಕ್ಕದ ಸೀಟನ್ನು ಮುಚ್ಚಿಕೊಂಡು ಓಡಿಸಿದರೆ ಕಾಲಿಗೆ ಹೀಟರ್‌ನ ಬೆಚ್ಚಗಿನ ಗಾಳಿ, ಮುಖಕ್ಕೆ ತಣ್ಣನೆ ಗಾಳಿ. ಒಬ್ಬರೇ ಹೋಗುವಾಗ ಇದಕ್ಕಿಂತ ಸುಖ ಇಲ್ಲ ಅಂತಲೇ ಹೇಳುತ್ತೇನೆ.

ಊರಾಚೆ ಎಲ್ಲರೂ ಸೇರಿ ಸಾಲಾಗಿ ಹೊರಟೆವು. ಸಾಲಿಗೆ ಒಂದು ಒಳ್ಳೆಯ ನಿಯಮ ಇತ್ತು: ನಿಧಾನದ ಕಾರು ಮುಂದೆ. ಹಾಗಾಗಿ ಮುಂದೆ ಇದ್ದದ್ದು ಎಂಜಿ ಟಿಸಿ, 1250 ಸಿಸಿಯದು, 19 ಇಂಚಿನ ತೆಳು ಚಕ್ರ, ಮುಂದಕ್ಕೆ ಮಡಚಿ ಮಲಗಿಸಬಹುದಾದ ಗಾಜು. 1945ರಿಂದ 1949ರವರೆಗೆ ಮಾತ್ರ ತಯಾರಾದ ಕಾರು ಅದು. ಯುದ್ಧ ಮುಗಿಸಿ ಮನೆಗೆ ಮರಳಿದ ಅಮೆರಿಕದ ಸೈನಿಕರಿಗೆ ಇಂಥ ಕಾರಿನ ರುಚಿ ಹತ್ತಿದ್ದರಿಂದಲೇ ಮುಂದೆ ಬ್ರಿಟಿಷ್ ರೋಡ್‌ಸ್ಟರ್‌ಗಳಿಗೆ ಅಲ್ಲಿ ಅಷ್ಟು ದೊಡ್ಡ ಮಾರುಕಟ್ಟೆ ಸಿಕ್ಕಿತು. ಇನ್ನೊಂದು ನಿಯಮ: ತಿರುವು ಬಂದಾಗ ಹಿಂದಿನ ಕಾರು ಕನ್ನಡಿಯಲ್ಲಿ ಕಾಣುವವರೆಗೂ ನಿಲ್ಲಬೇಕು. ಯಾರೂ ದಾರಿ ತಪ್ಪಲಿಲ್ಲ.

ನನ್ನ ಕಾರು ಓಟದಲ್ಲಿ ಚೆನ್ನಾಗಿತ್ತು. ಆಯಿಲ್ ಪ್ರೆಶರ್ 60ರ ಹತ್ತಿರ, ಟೆಂಪರೇಚರ್ ಮುಳ್ಳು ನಡುವೆ. ಆದರೆ ನಿಂತಾಗ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವುದು, ಕುಂಟುತ್ತಿತ್ತು. ಕೆಲವು ತಿಂಗಳಿಂದ ಇದ್ದ ತೊಂದರೆ ಇದು. ಒಂದು ವರ್ಕ್‌ಶಾಪ್‌ನಲ್ಲಿ ತೋರಿಸಿದ್ದೆ, ಪ್ಲಗ್ ಬದಲಿಸಿದರು, ಇಗ್ನಿಷನ್ ಪಾಯಿಂಟ್ ಬದಲಿಸಿದರು, ಕೊನೆಗೆ ಐಡ್ಲಿಂಗ್ ಸ್ಕ್ರೂ ಏರಿಸಿ ಕಳಿಸಿದರು. ಆರ್‌ಪಿಎಂ ಜಾಸ್ತಿಯಾಯಿತು, ಕುಂಟುವುದು ಹೋಗಲಿಲ್ಲ.

ಮೈದಾನಕ್ಕೆ ಬಂದಾಗ ಮೊದಲ ಕೆಲಸ, ಇಂಜಿನ್ ಕೆಳಗೆ ತಟ್ಟೆ ಇಡುವುದು. ಹುಲ್ಲಿನ ಮೇಲೆ ಆಯಿಲ್ ಬೀಳಬಾರದು ಅಂತ ಎಲ್ಲರೂ ಒಂದೊಂದು ತಗಡಿನ ಟ್ರೇ ತಂದಿದ್ದರು. 1964ರವರೆಗಿನ ಎಂಜಿಬಿ ಇಂಜಿನ್‌ಗೆ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡದ ಹಿಂದೆ ರಬ್ಬರ್ ಸೀಲೇ ಇರಲಿಲ್ಲ, ತಿರುಗುವಾಗ ಆಯಿಲನ್ನು ಹಿಂದಕ್ಕೆ ಎಳೆದುಕೊಳ್ಳುವ ಸುರುಳಿ ಗೆರೆ ಮಾತ್ರ. ಇಂಜಿನ್ ನಿಂತರೆ ಎಳೆದುಕೊಳ್ಳುವುದೂ ನಿಲ್ಲುತ್ತದೆ, ಹನಿ ಬೀಳುತ್ತದೆ. ಆಮೇಲೆ ಬಂದ ಐದು ಬೇರಿಂಗ್‌ನ ಇಂಜಿನ್‌ಗೆ ಸೀಲ್ ಬಂತು.

ಸಾಲಿನಲ್ಲಿ ನಿಂತ ಕಾರುಗಳನ್ನು ನೋಡುತ್ತಾ ನಡೆದದ್ದೇ ಅರ್ಧ ಬೆಳಗು. ಜಾಗ್ವಾರ್ ಎಕ್ಸ್‌ಕೆ 120, 1948ರಲ್ಲಿ ಲಂಡನ್ ಮೋಟಾರ್ ಶೋದಲ್ಲಿ ಕಾಣಿಸಿಕೊಂಡ ಮಾದರಿ. ಅದರ ಪಕ್ಕದಲ್ಲಿ 1961ರ ಇ-ಟೈಪ್, ಬಾನೆಟ್ ಮುಂದಕ್ಕೆ ಎತ್ತಿದರೆ ಕಾರಿನ ಅರ್ಧವೇ ಎದ್ದು ನಿಲ್ಲುತ್ತದೆ. ಎರಡು ಆಲ್ಫಾ ರೋಮಿಯೋ ಸ್ಪೈಡರ್ ಇದ್ದವು. 1966ರಲ್ಲಿ ಬಂದಾಗ ಅದರ ಹಿಂಭಾಗ ದೋಣಿಯಂತೆ ಗುಂಡಗಿತ್ತು, 1970ರಿಂದ ಕತ್ತರಿಸಿದ ಹಾಗೆ ಚಪ್ಪಟೆ ಮಾಡಿದರು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದಾಗ ನನಗೆ ಗುಂಡಗಿನದೇ ಇಷ್ಟವಾಯಿತು, ಪಕ್ಕದಲ್ಲಿದ್ದವರು ಒಪ್ಪಲಿಲ್ಲ. ಆಸ್ಟಿನ್ ಹೀಲಿ 3000 ಓಡಿಸಿಕೊಂಡು ಬಂದವರು ಬೂಟು ಬಿಚ್ಚಿ ಕಾಲು ಗಾಳಿಗೆ ಚಾಚಿ ಕೂತಿದ್ದರು. ಆ ಆರು ಸಿಲಿಂಡರ್ ಇಂಜಿನ್‌ನ ಬಿಸಿಯೆಲ್ಲ ಕಾಲಿಗೇ ಬರುತ್ತದೆ, ಆ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಸಂಗತಿ.

ನಾನು ಜಾಸ್ತಿ ಹೊತ್ತು ನಿಂತದ್ದು 1958ರಲ್ಲಿ ಶುರುವಾದ ಮೊದಲ ಆಸ್ಟಿನ್ ಹೀಲಿ ಸ್ಪ್ರೈಟ್ ಎದುರು. ಅದರ ಹೆಡ್‌ಲೈಟ್ ಬಾನೆಟ್ ಮೇಲೆ ಎರಡು ಕಣ್ಣು ಬಿಟ್ಟ ಹಾಗೆ ನಿಂತಿರುತ್ತದೆ. ಬೇಕಾದಾಗ ಮೇಲೇಳುವ ಹೆಡ್‌ಲೈಟ್ ಮಾಡುವ ಯೋಚನೆ ಇತ್ತಂತೆ, ಖರ್ಚು ಉಳಿಸಲು ಬಿಟ್ಟರು, ಅದೇ ಈಗ ಕಾರಿನ ಗುರುತಾಗಿದೆ. ಡಿಕ್ಕಿಗೆ ಬಾಗಿಲಿಲ್ಲ. ಸೀಟು ಮುಂದಕ್ಕೆ ಬಗ್ಗಿಸಿ ಹಿಂದಿನ ಕತ್ತಲಿಗೆ ಕೈ ಹಾಕಿ ಸಾಮಾನು ತೆಗೆಯಬೇಕು. ಬಾಗಿಲಿಗೆ ಹೊರಗೆ ಹಿಡಿ ಇಲ್ಲ, ಒಳಗೆ ಕೈ ಹಾಕಿ ತೆರೆಯಬೇಕು. ಮಾಲೀಕರಾದ ಮೇಡಂ ಬಾನೆಟ್ ಎತ್ತಿ ತೋರಿಸಿದರು. ಬಾನೆಟ್, ಎರಡೂ ಮಡ್‌ಗಾರ್ಡ್, ಹೆಡ್‌ಲೈಟ್ ಎಲ್ಲ ಒಂದೇ ತುಂಡಾಗಿ ಮೇಲೆ ಹೋಗುತ್ತದೆ, ಮುಂದಿನ ಚಕ್ರ, ಸಸ್ಪೆನ್ಷನ್, ಇಂಜಿನ್ ಎಲ್ಲ ಬಯಲಿಗೆ ಬರುತ್ತದೆ. “ಇದರಲ್ಲೇ ನಾನು ಮೆಕ್ಯಾನಿಕ್ ಕೆಲಸ ಕಲಿತದ್ದು. ಏನೂ ಮುಚ್ಚಿಟ್ಟಿಲ್ಲ ನೋಡಿ,” ಅಂದರು.

ಅಷ್ಟರಲ್ಲಿ ನನ್ನ ಕಾರಿನ ಹತ್ತಿರ ಒಬ್ಬ ಹಿರಿಯರು ನಿಂತಿದ್ದರು. ಬೆಳಗ್ಗೆ ನಾನು ಒಳಗೆ ಬರುವಾಗಲೇ ಸದ್ದು ಕೇಳಿಸಿಕೊಂಡಿದ್ದರಂತೆ.

“ಐಡ್ಲಿಂಗ್ ಸರಿ ಇಲ್ಲ ಅಲ್ವಾ?”

“ಹೌದು ಸರ್, ತಿಂಗಳುಗಳಿಂದ ಹೀಗೇ.”

“ಏರ್ ಫಿಲ್ಟರ್ ಬಿಚ್ಚಿ. ಕೇಳೋಣ.”

ಅವರ ಜೇಬಿನಿಂದ ಹೊರಬಂದದ್ದು ಒಂದು ಮೊಳ ರಬ್ಬರ್ ಪೈಪ್, ಅಷ್ಟೇ. ಇಂಜಿನ್ ಬಿಸಿಯಾಗಿಯೇ ಇತ್ತು. ಸ್ಟಾರ್ಟ್ ಮಾಡಿಸಿ, ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮುಂದಿನ ಕಾರ್ಬ್ಯುರೇಟರ್‌ನ ಬಾಯಿಗೆ ಹಿಡಿದರು. ಆಮೇಲೆ ಹಿಂದಿನದಕ್ಕೆ. ಆಮೇಲೆ ಪೈಪ್ ನನ್ನ ಕೈಗೆ ಕೊಟ್ಟರು. ಮುಂದಿನದರಲ್ಲಿ ಜೋರಾಗಿ ಸ್ಸ್ ಅಂತ ಗಾಳಿ ಹೋಗುವ ಸದ್ದು, ಹಿಂದಿನದರಲ್ಲಿ ಅದರ ಅರ್ಧವೂ ಇಲ್ಲ. ನಾಲ್ಕು ಸಿಲಿಂಡರ್‌ಗೆ ಎರಡು ಕಾರ್ಬ್ಯುರೇಟರ್, ಎರಡೂ ಒಂದೇ ಅಳತೆಯ ಗಾಳಿ ಎಳೆಯಬೇಕು. ಇಲ್ಲಿ ಮುಂದಿನ ಎರಡು ಸಿಲಿಂಡರ್ ದುಡಿಯುತ್ತಿದ್ದವು, ಹಿಂದಿನ ಎರಡು ಎಳೆಸಿಕೊಂಡು ಹೋಗುತ್ತಿದ್ದವು.

ಎರಡನ್ನೂ ಜೋಡಿಸುವ ಕಡ್ಡಿಯ ಕ್ಲ್ಯಾಂಪ್ ಸಡಿಲ ಮಾಡಿದರು, ಆಗ ಗಾಳಿಗೆ ಬಾಗಿಲಿನಂತಿರುವ ಎರಡು ಥ್ರಾಟಲ್‌ಗಳೂ ಬೇರೆ ಬೇರೆ ಆದವು. ಒಂದರ ಸ್ಕ್ರೂ ಸ್ವಲ್ಪ ಇಳಿಸುವುದು, ಇನ್ನೊಂದರದ್ದು ಸ್ವಲ್ಪ ಏರಿಸುವುದು, ಪ್ರತಿ ಸಲ ಪೈಪ್ ಇಟ್ಟು ಕೇಳುವುದು. ಸದ್ದು ಎರಡರಲ್ಲೂ ಒಂದೇ ಆದಾಗ ನನ್ನ ಕೈಯಲ್ಲೇ ಕ್ಲ್ಯಾಂಪ್ ಬಿಗಿ ಮಾಡಿಸಿದರು.

ಆಮೇಲೆ ಮಿಕ್ಸ್‌ಚರ್, ಅಂದರೆ ಗಾಳಿಗೆ ಎಷ್ಟು ಪೆಟ್ರೋಲ್ ಅನ್ನುವ ಅಳತೆ. ಎಸ್‌ಯು ಒಳಗೆ ಗಾಳಿಯ ಎಳೆತಕ್ಕೆ ಮೇಲೆ ಕೆಳಗೆ ಆಡುವ ಪಿಸ್ಟನ್ ಇರುತ್ತದೆ, ಅದರ ಕೆಳಗೆ ಚೂಪಾಗುತ್ತಾ ಹೋಗುವ ಸೂಜಿ. ಪಿಸ್ಟನ್ ಮೇಲೆದ್ದಷ್ಟೂ ಸೂಜಿಯ ಸಪೂರ ಭಾಗ ಜೆಟ್‌ಗೆ, ಅಂದರೆ ಪೆಟ್ರೋಲ್ ಬರುವ ತೂತಿಗೆ, ಬಂದು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಪಕ್ಕದ ಅಡಿಯಲ್ಲಿ ಸಣ್ಣ ಪಿನ್ ಇದೆ, ಬೆರಳಿಂದ ಒತ್ತಿದರೆ ಪಿಸ್ಟನ್ ಮೇಲೇಳುತ್ತದೆ, ಒಂದು ಮಿಲಿಮೀಟರಿಗಿಂತ ಕಡಿಮೆ ಎದ್ದರೆ ಸಾಕು. ಆಗ ಇಂಜಿನ್ ಒಂದು ಕ್ಷಣ ಸ್ವಲ್ಪ ಏರಿ ಮತ್ತೆ ಮೊದಲಿನಂತಾದರೆ ಮಿಕ್ಸ್‌ಚರ್ ಸರಿ. ಏರಿ ಏರಿದಂತೇ ಉಳಿದರೆ ಪೆಟ್ರೋಲ್ ಜಾಸ್ತಿ. ಕೂಡಲೇ ಇಳಿದು ಆಫ್ ಆಗಲು ನೋಡಿದರೆ ಪೆಟ್ರೋಲ್ ಕಡಿಮೆ. ನನ್ನ ಮುಂದಿನದು ಸರಿ ಇತ್ತು. ಹಿಂದಿನದರ ಪಿನ್ ಒತ್ತಿದ್ದೇ ತಡ ಇಂಜಿನ್ ಕುಸಿಯಿತು. ಜೆಟ್ ಕೆಳಗಿನ ಆರು ಮಗ್ಗುಲಿನ ನಟ್ಟನ್ನು ಒಂದು ಮಗ್ಗುಲು ಕೆಳಕ್ಕೆ ತಿರುಗಿಸಿದರು, ಕೇಳಿದರು, ಇನ್ನೊಂದು ಮಗ್ಗುಲು ತಿರುಗಿಸಿದರು. ಈಗ ಪಿನ್ ಒತ್ತಿದರೆ ಸ್ವಲ್ಪ ಏರಿ ಇಳಿಯಿತು.

ಅಷ್ಟಕ್ಕೇ ಬಿಡಲಿಲ್ಲ. “ಒಂದು ಮಾತ್ರ ಯಾಕೆ ಕಡಿಮೆ ಆಯ್ತು?” ಅಂತ ತಮಗೆ ತಾವೇ ಕೇಳಿಕೊಂಡು ಹಿಂದಿನ ಕಾರ್ಬ್ಯುರೇಟರ್‌ನ ಥ್ರಾಟಲ್ ತಿರುಗುವ ಸ್ಪಿಂಡಲ್ ಕಡ್ಡಿಯ ತುದಿ ಹಿಡಿದು ಅಲ್ಲಾಡಿಸಿದರು. ಆಡುತ್ತಿತ್ತು. ಆ ತುದಿಗೆ ಒಂದು ಹನಿ ತೆಳು ಎಣ್ಣೆ ಬಿಟ್ಟರು. ಹನಿ ಒಳಕ್ಕೆ ಎಳೆದುಕೊಂಡು ಹೋಯಿತು, ಹೋದ ಆ ಗಳಿಗೆ ಐಡ್ಲಿಂಗ್ ನುಣುಪಾಯಿತು, ಮತ್ತೆ ಮೊದಲಿನಂತಾಯಿತು. ಅಂದರೆ ಸ್ಪಿಂಡಲ್ ಸವೆದು, ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ಒಳಗೆ ಹೋಗುತ್ತಿತ್ತು. ಪ್ಲಗ್, ಪಾಯಿಂಟ್ ಎಷ್ಟು ಬದಲಿಸಿದರೂ ಇದು ಸರಿಯಾಗುವುದಲ್ಲ. “ಸದ್ಯಕ್ಕೆ ಹೀಗೆ ಓಡಿಸಿ. ಮನೆಗೆ ಹೋದ ಮೇಲೆ ಸ್ಪಿಂಡಲ್, ಅದು ಕೂರುವ ಬುಷ್ ಹೊಸದು ಹಾಕಿಸಿ. ಹಾಕಿಸಿದ ಮೇಲೆ ಆ ಎರಡು ಮಗ್ಗುಲು ವಾಪಸ್ ತಿರುಗಿಸೋದು ಮಾತ್ರ ಮರೀಬೇಡಿ,” ಅಂದರು. ನಾವು ಬಗ್ಗಿ ನಿಂತದ್ದನ್ನು ನೋಡಿ ಸುತ್ತ ಆರೇಳು ಜನ ಸೇರಿದ್ದರು, ಪೈಪ್ ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸುತ್ತಿತ್ತು, ಎಲ್ಲರಿಗೂ ಕೇಳಬೇಕಿತ್ತು. ಪುಸ್ತಕದಲ್ಲಿ ಇದೆಲ್ಲ ಬರೆದಿದೆ, ನಾನೂ ಓದಿದ್ದೆ. ಆದರೆ ‘ಒಂದೇ ಸದ್ದು’ ಅಂದರೆ ಎಷ್ಟು ಒಂದೇ ಅನ್ನುವುದು ಪಕ್ಕದಲ್ಲಿ ಗೊತ್ತಿದ್ದವರು ನಿಂತು ಈಗ ಸರಿ ಅಂದಾಗಲೇ ತಿಳಿಯುವುದು.

ಮಧ್ಯಾಹ್ನ ಒಂದು ಜೋರು ಚರ್ಚೆ ನಡೆಯಿತು. ಸಾಲಿನ ಕೊನೆಯಲ್ಲಿ ಒಂದು ಕೆಂಪು ಮಾಜ್ದಾ ಎಂಎಕ್ಸ್-5 ನಿಂತಿತ್ತು, ಮೊದಲ ತಲೆಮಾರಿನದು, ಹೆಡ್‌ಲೈಟ್ ಮೇಲೇಳುವಂಥದು. ಇದು ಇಲ್ಲಿ ಯಾಕೆ ಅಂತ ಕೆಲವರು ಮುಖ ಗಂಟು ಹಾಕಿಕೊಂಡರು. ನನಗೆ ಅದು ಸರಿ ಕಾಣಲಿಲ್ಲ, ಹಾಗೇ ಹೇಳಿದೆ. ಆ ಕಾರು ಜಗತ್ತಿಗೆ ಕಂಡದ್ದು 1989ರಲ್ಲಿ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಕೇಳುವುದೇ ಕನಿಷ್ಠ 30 ವರ್ಷ, ಮೊದಲ ವರ್ಷಗಳ ಎಂಎಕ್ಸ್-5 ಅದನ್ನು ದಾಟಿಯಾಗಿದೆ. 1962ರ ಲೋಟಸ್ ಎಲಾನ್‌ನಂಥ ಹಗುರ ಕಾರು, ಆದರೆ ಆಯಿಲ್ ಸೋರದೆ ದಿನವೂ ಸ್ಟಾರ್ಟ್ ಆಗಬೇಕು ಅಂತ ಹೊರಟು ಮಾಡಿದ ಕಾರು ಅದು. 1980ರಲ್ಲಿ ಎಂಜಿಬಿ ನಿಂತ ಮೇಲೆ ಸಣ್ಣ ಓಪನ್ ಕಾರುಗಳ ಕಾಲ ಮುಗಿದೇ ಹೋಯಿತು ಅಂದುಕೊಂಡಿದ್ದವರಿಗೆ ಮತ್ತೆ ದಾರಿ ತೋರಿಸಿದ್ದು ಅದು. 2016ಕ್ಕೆ 10 ಲಕ್ಷ ತಯಾರಾಗಿತ್ತು. ಅದನ್ನು ಹೊರಗಿಟ್ಟರೆ ಇನ್ನು 20 ವರ್ಷಕ್ಕೆ ಕೂಟಕ್ಕೆ ಬರುವವರು ಯಾರು? ಕಾರಿನ ಹುಡುಗ ಮಾತಾಡದೆ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಟಿಸಿ ಮಾಲೀಕರೇ ಬಂದು ಅವನನ್ನು ಕರೆದುಕೊಂಡು ಹೋಗಿ ತಮ್ಮ ಕಾರಿನಲ್ಲಿ ಕೂರಿಸಿದರು, ಚರ್ಚೆ ಅಲ್ಲಿಗೆ ತಣ್ಣಗಾಯಿತು.

ಸ್ಪರ್ಧೆಯೂ ಇತ್ತು. ಒಂದು ಕಡೆ ಕಾರ್ಖಾನೆಯಿಂದ ಬಂದ ಹಾಗೇ ಇದೆಯೇ ಅಂತ ಪೈಪಿನ ಕ್ಲಿಪ್ಪನ್ನೂ ಬಿಡದೆ ನೋಡಿ ಅಂಕ ಕೊಡುವುದು, ಇನ್ನೊಂದು ಕಡೆ ಬಂದವರೆಲ್ಲ ಚೀಟಿ ಹಾಕುವುದು. ಮೊದಲನೆಯದಕ್ಕೆ ಬೇಕಾಗುವ ತಾಳ್ಮೆ ದೊಡ್ಡದು, ಅವರಿಲ್ಲದಿದ್ದರೆ ಮೂಲದಲ್ಲಿ ಕಾರು ಹೇಗಿತ್ತು ಅಂತ ಗೊತ್ತಾಗುವುದೇ ಇಲ್ಲ. ಆದರೆ ನನ್ನ ಚೀಟಿ ಹೋದದ್ದು ಸ್ಪ್ರೈಟ್‌ಗೆ, ಬಾನೆಟ್ ಅಂಚಿನಲ್ಲಿ ಬಣ್ಣ ಹಾರಿ ಎಷ್ಟು ಸಲ ಎತ್ತಿದ್ದಾರೆ ಅಂತ ಕಾಣುತ್ತಿದ್ದ ಆ ಕಾರಿಗೆ.

ಮೂರು ಗಂಟೆ ಸುಮಾರಿಗೆ ಮಳೆ ಬಂತು. ಎಂಜಿಬಿಯ ಹಳೆಯ ಟಾಪ್‌ನಲ್ಲಿ ಕಡ್ಡಿಗಳು ಬೇರೆ, ಬಟ್ಟೆ ಬೇರೆ, ಎರಡೂ ಡಿಕ್ಕಿಯಲ್ಲಿರುತ್ತವೆ. ತಣ್ಣಗಿದ್ದರೆ ಬಟ್ಟೆ ಕುಗ್ಗಿ ಬಟನ್‌ವರೆಗೆ ಬರುವುದೇ ಇಲ್ಲ, ಇಬ್ಬರು ಎಳೆಯಬೇಕು. ಮೋಡ ಕಂಡಾಗಲೇ ಹಿರಿಯರೊಬ್ಬರು ಕೂಗಿ ಹೇಳಿದ್ದರಿಂದ ಬಿಸಿಲಿರುವಾಗಲೇ ಬಟ್ಟೆ ಹಾಸಿಟ್ಟಿದ್ದೆ, ಸಲೀಸಾಗಿ ಕೂತಿತು. ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಡಚುವ ಜಾಗಕ್ಕೆ ಮೆತ್ತನೆ ಬಟ್ಟೆ ಇಟ್ಟು ಮಡಚಿ, ಇಲ್ಲದಿದ್ದರೆ ಗೀರು ಬಿದ್ದು ಮಸುಕಾಗುತ್ತದೆ. ನನ್ನದು ಮುಗಿದ ಮೇಲೆ ಎಂಎಕ್ಸ್-5 ಹುಡುಗನೂ ನಾನೂ ಸೇರಿ ಸ್ಪ್ರೈಟ್‌ನ ಕಡ್ಡಿ ನಿಲ್ಲಿಸಿದೆವು, ಅವನ ಟಾಪ್ ಕೂತಲ್ಲಿಂದಲೇ ಒಂದೇ ಕೈಯಲ್ಲಿ ಏರುತ್ತದೆ, ಹಾಗಾಗಿ ಅವನು ಎಲ್ಲರ ಕಾರಿಗೂ ಓಡಾಡುತ್ತಿದ್ದ.

ವಾಪಸ್ ಬರುವಾಗ ರೈಲ್ವೆ ಗೇಟ್ ಮುಚ್ಚಿತ್ತು. ಇಂಜಿನ್ ಆಫ್ ಮಾಡದೆ ನಿಂತೆ. ಕುಂಟಲಿಲ್ಲ.

ಮನೆಗೆ ಬಂದ ವಾರವೇ ಸ್ಪಿಂಡಲ್ ಮತ್ತು ಬುಷ್ ತರಿಸಿದೆ. ಎಂಜಿಬಿಗೆ ಈ ಅನುಕೂಲ ದೊಡ್ಡದು. ಮುಚ್ಚಿದ ಜಿಟಿ ಮಾದರಿಯೂ ಸೇರಿ 5 ಲಕ್ಷಕ್ಕೂ ಜಾಸ್ತಿ ತಯಾರಾದ ಕಾರು, ಬಿಡಿಭಾಗಕ್ಕೆ ಕೊರತೆ ಇಲ್ಲ, 1988ರಿಂದ ಇಡೀ ಬಾಡಿಶೆಲ್ಲೇ ಹೊಸದಾಗಿ ಮಾಡಿಕೊಡುತ್ತಿದ್ದಾರೆ. ಬುಷ್ ಕೂರಿಸಲು ಕಾರ್ಬ್ಯುರೇಟರ್ ಬಾಡಿಯಲ್ಲಿ ತೂತು ನೇರವಾಗಿ ಕೊರೆಯಬೇಕು, ಅದನ್ನು ಲೇತ್ ಇರುವವರ ಹತ್ತಿರ ಮಾಡಿಸಿದೆ. ಜೋಡಿಸಿ, ರಬ್ಬರ್ ಪೈಪ್ ಕಿವಿಗಿಟ್ಟು ಎರಡನ್ನೂ ಹೊಂದಿಸಿ, ಹಿಂದಿನ ನಟ್ಟನ್ನು ಎರಡು ಮಗ್ಗುಲು ಮೇಲಕ್ಕೆ ತಿರುಗಿಸಿ ಪಿನ್ ಒತ್ತಿ ನೋಡಿದೆ. ಸರಿಯಾಗಿ ಅಲ್ಲಿಗೇ ಬಂತು. ಸ್ವಲ್ಪ ಓಡಿಸಿ ಪ್ಲಗ್ ಬಿಚ್ಚಿದರೆ ನಾಲ್ಕರ ತುದಿಯೂ ಒಂದೇ ತಿಳಿ ಕಂದು ಬಣ್ಣ. ಫೋಟೋ ತೆಗೆದು ಹಿರಿಯರಿಗೆ ಕಳಿಸಿದೆ. “ಚೆನ್ನಾಗಿದೆ. ಮುಂದಿನ ಸಲ ಬರುವಾಗ ಹಿಂದಿನ ಲಿವರ್ ಡ್ಯಾಂಪರ್‌ಗೆ, ಅದೇ ಶಾಕ್ ಅಬ್ಸಾರ್ಬರ್‌ಗೆ, ಆಯಿಲ್ ನೋಡ್ಕೊಂಡು ಬನ್ನಿ, ಹಳ್ಳದಲ್ಲಿ ಹಿಂಭಾಗ ಎರಡು ಸಲ ಕುಣೀತಿತ್ತು,” ಅಂತ ಉತ್ತರ ಬಂತು. ಈ ಭಾನುವಾರ ಅದನ್ನೇ ಬಿಚ್ಚುತ್ತಿದ್ದೇನೆ.